ಹದಿನೈದು ಇಂಚು

ಜನನ ಮರಣ ವಿಭಾಗದ ಪಕ್ಕದ ಬಾಗಿಲು ನನ್ನದು.
ಆ ಕಡೆ ಸರದಿ, ಈ ಕಡೆ ಪರದೆ.
ಶಿವಮೊಗ್ಗೆಯನ್ನು ಪದರ ಪದರವಾಗಿ ಬಿಚ್ಚಿಡುವುದು ಕೆಲಸ:
ರಸ್ತೆ ಒಂದು ಪದರ, ಚರಂಡಿ ಒಂದು,
ತೆರಿಗೆ ಕಟ್ಟಿದ ಮನೆ ಒಂದು, ಕಟ್ಟದ್ದು ಇನ್ನೊಂದು,
ಎಲ್ಲದರ ಅಡಿಯಲ್ಲಿ ತುಂಗೆ, ತೆಳು ನೀಲಿ,
ಒಂದು ಗುಂಡಿ ಒತ್ತಿದರೆ ಮಾಯ.

ನದಿಯನ್ನು ಆರಿಸಿ ಊಟಕ್ಕೆ ಹೋದದ್ದುಂಟು.

ಈ ವರ್ಷ ಕೇಳಿದ್ದು ಇಷ್ಟೇ: ನಾಲ್ಕು ಕೋಟಿ ಇದೆ,
ಎಲ್ಲಿ ಸುರಿಯಬೇಕು, ಬಣ್ಣ ಹಚ್ಚಿ ಕೊಡಿ.
ಕೆಂಪು ಅಂದರೆ ತುರ್ತು, ಹಳದಿ ಅಂದರೆ ನೋಡೋಣ,
ಹಸಿರು ಅಂದರೆ ಯಾರೂ ಬೈಯುವುದಿಲ್ಲ.
ಉಪಗ್ರಹ ಕೊಟ್ಟ ಏರುತಗ್ಗುಗಳನ್ನು ಸೋಸಿ,
ಮುಂದೆ ಏಳಬಹುದಾದ ಮನೆಗಳಿಂದ ಗುಣಿಸಿ,
ನೆಲದ ಬೆಲೆಯಿಂದ ತೂಗಿ,
ಕಂಪ್ಯೂಟರು ಸಂಜೆ ಐದೂವರೆಗೆ ಊರಿಗೆ ಬಣ್ಣ ಬಳಿಯಿತು.
ಕೆಂಪು ಬಿದ್ದದ್ದು ಹೊಸ ಬಡಾವಣೆಯ ಮೇಲೆ,
ಕಲ್ಲು ನೆಟ್ಟು ಬಿಟ್ಟ ಬರೀ ಬಯಲ ಮೇಲೆ.
ಹೊಂಡದ ಓಣಿ ಬೂದು.
ಬೂದು ಅಂದರೆ: ಮಾಹಿತಿ ಇಲ್ಲ.

ಬಾಗಿಲಲ್ಲಿ ಗುತ್ಯಪ್ಪ ನಿಂತಿದ್ದ, ವಾಲ್ವ್ ತಿರುಗಿಸುವ
ಉದ್ದನೆ ಕಬ್ಬಿಣದ ಕೀಲಿ ಹೆಗಲ ಮೇಲೆ.
ಇಪ್ಪತ್ತಾರು ವರ್ಷ ಊರಿಗೆ ನೀರು ಬಿಟ್ಟವನು.
ಪರದೆ ನೋಡಿದ, ನೋಡಿದ.
"ಅಮ್ಮಾ, ಈ ಬೂದಿ ಬಿದ್ದಲ್ಲಿ ನನ್ನ ಹನ್ನೊಂದು ವಾಲ್ವ್ ಇದಾವೆ.
ಮಾಹಿತಿ ಇಲ್ಲ ಅಂದ್ರೆ ದಿನಾ ಬೆಳಿಗ್ಗೆ
ನಾನು ಯಾರಿಗೆ ನೀರು ಬಿಡ್ತಿದೀನಿ?"

ಮರುದಿನ ಅವನ ಮೊಪೆಡ್ಡಿನ ಹಿಂದೆ ಕೂತು ಹೋದೆ,
ಕೈಯಲ್ಲಿ ಅಂಗೈಯಗಲದ ಜಿಪಿಎಸ್.
ಆಚೀಚಿನ ತಗಡುಗಳು ಒಂದಕ್ಕೊಂದು ಬಾಗಿ
ಓಣಿಯಲ್ಲಿ ಆಕಾಶ ಮೂರು ಬೆರಳು. ಉಪಗ್ರಹ ಸಿಗಲಿಲ್ಲ.
ಜಿಪಿಎಸ್ ನನ್ನನ್ನು ಒಯ್ದು ನದಿಯ ನಡುವೆ ನಿಲ್ಲಿಸಿತು.
"ಮುಳುಗಿದ್ರಲ್ಲ" ಅಂದ ಗುತ್ಯಪ್ಪ, ನಗದೆ.

ಮೆಹಜಬೀನ್ ಹೊಲಿಗೆ ನಿಲ್ಲಿಸಿ ಹೊರಗೆ ಬಂದಳು.
ಅವಳ ಬಾಗಿಲ ಚೌಕಟ್ಟಿಗೆ ಸಾಲಾಗಿ ಮೊಳೆ,
ಒಂದೊಂದು ಮೊಳೆಗೆ ಒಂದೊಂದು ಬಣ್ಣದ ದಾರ,
ಬೆಳೆಯುವ ಮಗುವಿನ ಎತ್ತರ ಗುರುತಿಟ್ಟಂತೆ.
ಮಗುವಲ್ಲ. ನೀರು.
ಕೊರಳ ಟೇಪು ತೆಗೆದು ಹಿಡಿದಳು:
"ಹೋದ ಸಲ ಮೂವತ್ತನಾಲ್ಕು ಇಂಚು.
ನನ್ನ ಸೊಂಟದ ಸುತ್ತಳತೇನೂ ಅಷ್ಟೇ, ಮರೆಯಲ್ಲ.
ಮಷಿನ್ನಿನ ಮೋಟಾರು ಹೋಗಿದ್ದು ಇಪ್ಪತ್ತಾರಕ್ಕೆ."

ನನ್ನ ಉಪಗ್ರಹ ತಪ್ಪಬಹುದಾದ ಅಂದಾಜು: ನಾಲ್ಕು ಮೀಟರು.
ಅವಳದ್ದು ಒಂದು ದಾರದ ದಪ್ಪ.

ಸಂಜೆ ಕೂತು ಓಣಿಗೆ ಗೆರೆ ಎಳೆದೆ. ನಲವತ್ತೊಂದು ಮನೆ.
ಕೋಷ್ಟಕ ಕೇಳಿತು: ಎತ್ತರ? ಬರೆದೆ.
ದಿನಾಂಕ? ಬರೆದೆ. ಮೂಲ?
ಪಟ್ಟಿಯಲ್ಲಿದ್ದದ್ದು ಉಪಗ್ರಹ, ಡ್ರೋನು, ಸರ್ವೆ ಇಲಾಖೆ.
'ಇತರೆ' ಒತ್ತಿ ಟೈಪು ಮಾಡಿದೆ: ದರ್ಜಿಯ ಟೇಪು.

ಸಭೆಯಲ್ಲಿ ಜಂಬೂನಾಥರು ಕನ್ನಡಕ ಒರೆಸಿಕೊಂಡರು:
"ದರ್ಜಿ ಅಂದರೆ ಯಾವ ಏಜೆನ್ಸಿ? ಟೆಂಡರ್ ಆಗಿತ್ತೇ?"
ಯಾರೋ ನಕ್ಕರು. ಚಹಾ ಬಂತು.
ನಾನು ಮಾತಾಡಲಿಲ್ಲ. ನದಿಯ ಪದರ ಹಚ್ಚಿ
ಮೂವತ್ತನಾಲ್ಕು ಇಂಚು ಏರಿಸಿದೆ, ಅಷ್ಟೇ.
ನೀಲಿ ಹರಡಿತು. ಓಣಿ ತುಂಬಿ, ಮುಖ್ಯರಸ್ತೆ ದಾಟಿ,
ಇದೇ ಕಟ್ಟಡದ ಮೆಟ್ಟಿಲು ಹತ್ತಿ,
ಜನನ ಮರಣದ ಕಪಾಟಿನ ಕೆಳಗಿನ ಅರೆಗೆ ಬಂದು ನಿಂತಿತು.
ಚಹಾ ಆರಿತು.

ಅರ್ಧ ಕೋಟಿ ಓಣಿಗೆ. ಮೂರೂವರೆ ಬಯಲಿಗೆ.
ಗೆದ್ದೆ ಅಂದುಕೊಂಡೆ. ಕಚೇರಿಗೆ ಮೈಸೂರುಪಾಕು ಕೂಡ ತಂದೆ.

ಆಷಾಢದ ಮೊದಲ ವಾರ, ರಾತ್ರಿ ಹನ್ನೊಂದಕ್ಕೆ ಫೋನು.
"ಮೇಡಂ, ಮೆಹಜಬೀನ್. ಹತ್ತೊಂಬತ್ತು.
ಹೊಸ ಚರಂಡಿ ಎಳೀತಿದೆ. ಮೋಟಾರು ಉಳೀತು."
ಹಿಂದೆ ಮಕ್ಕಳ ಗಲಾಟೆ, ನೀರು ಮೊಗೆಯುವ ಡಬ್ಬಿಯ ಸದ್ದು.
ಸುಮ್ಮನಾದಳು. ಆಮೇಲೆ:
"ಉಳಿದ ಹದಿನೈದು ಇಂಚು ಕೆಳಗಿನ ಬೀದಿಗೆ ಹೋಗಿದೆ.
ಅಲ್ಲಿ ಯಾರ ಕೊರಳಲ್ಲೂ ಟೇಪಿಲ್ಲ."

ಕಂಪ್ಯೂಟರು ತೆರೆದೆ. ಕೆಳಗಿನ ಬೀದಿ: ಬೂದು.
ನನ್ನದೇ ಚರಂಡಿಯ ಗೆರೆ, ಬಾಣದ ಗುರುತು ಸಮೇತ,
ನೆಟ್ಟಗೆ ಅದರೊಳಗೆ ಹೋಗಿ ಮುಗಿದಿತ್ತು.

ಹೊಲಿಗೆ ಬಾರದವಳ ಮನೆ, ಟೇಪು ಎಲ್ಲಿಂದ ಬರಬೇಕು.
ಮಗಳ ಕಂಪಾಸು ಪೆಟ್ಟಿಗೆಯಿಂದ
ಹದಿನೈದು ಸೆಂಟಿಮೀಟರಿನ ಸ್ಕೇಲು ತೆಗೆದುಕೊಂಡೆ.
ಸಾಲದು, ಗೊತ್ತಿತ್ತು.
ಚಪ್ಪಲಿ ಕೈಯಲ್ಲಿ ಹಿಡಿದು ಇಳಿದೆ.